ಟಕ್ ಅನ್ನುವ ತನಕ

ಹೋದ ಬೇಸಿಗೆಯ ಒಂದು ಸಂಜೆ ಮಸ್ಕಿಯ ನನ್ನ ಮನೆಯ ಕಟ್ಟೆಯ ಮೇಲೆ ಒಬ್ಬ ಹುಡುಗ ತನ್ನ ಬೇಸ್ ಗಿಟಾರನ್ನು ಮಲಗಿಸಿ ಪಕ್ಕಕ್ಕೆ ನಿಂತ. ಹತ್ತೊಂಬತ್ತು ವರ್ಷ ಇದ್ದೀತು. ಹಗಲು ಸೌಂಡ್ ಸಿಸ್ಟಂ ಅಂಗಡಿಯಲ್ಲಿ ಬಾಕ್ಸ್ ಹೊರುತ್ತಾನೆ, ಮದುವೆ ಜಾತ್ರೆ ಇದ್ದಾಗ ರಾತ್ರಿಯಿಡೀ ವೈರು ಕಾಯುತ್ತಾನೆ. "ಅಣ್ಣಾ, ಟಕ್ ಅಂತು. ಆದ್ರ ಲಾಕ್ ಆಗವಲ್ದು" ಅಂದ.

ಏನು ಟಕ್ ಅಂದಿತು ಎಂದು ನನಗೆ ತಿಳಿಯಲಿಲ್ಲ. ನೆಕ್ಕಿನ ತುದಿಯ ಸಣ್ಣ ಮುಚ್ಚಳ ಬಿಚ್ಚಿ ಅಲೆನ್ ಕೀ ಹಾಕಿದೆ. ಕೀ ಎಲ್ಲಿಯೂ ಬಿಗಿಯಾಗದೆ ಸುಮ್ಮನೆ ಸುತ್ತಿತು. ನೆಕ್ಕಿನ ಮರದೊಳಗೆ ಉದ್ದಕ್ಕೂ ಇರುವ ಉಕ್ಕಿನ ಕಂಬಿ, ಅಂದರೆ ಟ್ರಸ್ ರಾಡ್, ಒಳಗೇ ತುಂಡಾಗಿತ್ತು. ಬೆರಳಿಟ್ಟು ನೋಡಿದರೆ ನೆಕ್ಕು ಆಗಲೇ ತಂತಿಗಳ ಕಡೆಗೆ ಬಾಗಲು ಶುರುವಾಗಿತ್ತು.

ಯಾರು ಹೇಳಿದರು ಎಂದು ಕೇಳಿದೆ. ನಮ್ಮ ಕಡೆಯ ಒಂದು ರಸಮಂಜರಿ ತಂಡದ ಹಿರಿಯರು ಹೇಳಿದ್ದಂತೆ. ತಂತಿಗಳು ಫ್ರೆಟ್ಟಿಗೆ ಬಡಿದು ಗರಗರ ಅನ್ನುತ್ತವೆ, ಏನು ಮಾಡಲಿ ಎಂದು ಇವನು ಅವರ ಬಳಿ ಹೋಗಿದ್ದಾನೆ. "ಕೀ ಹಾಕಿ ಬಲಕ್ಕ ತಿರುವು. ಟಕ್ ಅನ್ನೂತನಕ ಬಿಡಬ್ಯಾಡ. ಟಕ್ ಅಂದ್ರ ಲಾಕ್ ಆತು ಅಂತ ತಿಳಕೋ." ಸುತ್ತ ಕೂತಿದ್ದ ನಾಲ್ಕು ಜನ ನಕ್ಕರಂತೆ. ಇಷ್ಟು ಸಣ್ಣ ವಿಷಯವೂ ತನಗೆ ಗೊತ್ತಿಲ್ಲವಲ್ಲ, ಅದಕ್ಕೇ ನಗುತ್ತಿದ್ದಾರೆ ಎಂದು ಇವನು ತಲೆ ತಗ್ಗಿಸಿ ಬಂದಿದ್ದಾನೆ. ಬಂದವನೇ ಮನೆಯಲ್ಲಿ ಕೂತು, ಹೇಳಿದ ಹಾಗೇ, ನಿಷ್ಠೆಯಿಂದ ತಿರುಗಿಸಿದ್ದಾನೆ.

ಆ ಹಿರಿಯರನ್ನು ನಾನು ಕಂಡು ಕೇಳಿದೆ. "ಏ, ತಮಾಷಿಗಿ ಅಂದಿದ್ವಿ ಬಿಡ್ರಿ. ಅಷ್ಟೂ ತಿಳೀಬಾರ್ದೇನು ಅವಂಗ?" ಎಂದರು. ಅವರೊಬ್ಬರೇ ಅಲ್ಲ, ನಾನು ಈ ಸಂಗತಿಯನ್ನು ಹೇಳಿದ ಹತ್ತು ಜನರಲ್ಲಿ ಎಂಟು ಜನ ಅದನ್ನೇ ಅಂದರು. ಹೊಸಬರನ್ನು ಹೀಗೆ ಆಡಿಸುವುದು ಸಂಗೀತದ ಮಂದಿಯಲ್ಲಿ ಎಲ್ಲ ಕಡೆಯೂ ಇದ್ದದ್ದೇ, ಅದರಿಂದ ಯಾರೂ ಸತ್ತಿಲ್ಲ, ಅದೊಂದು ಪ್ರೀತಿಯ ಚೇಷ್ಟೆ, ಅದನ್ನು ದಾಟಿ ಬಂದವನೇ ಗಟ್ಟಿಯಾಗುತ್ತಾನೆ ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ನೆಲೆಯೂರಿದೆ ಎಂದರೆ, ಅದನ್ನು ಯಾರೂ ಎತ್ತಿ ನೋಡುವುದೇ ಇಲ್ಲ. ಅದು ಸುಳ್ಳು ಮಾತು, ಹಾನಿಯ ಮಾತು ಎಂದು ನಾನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗ ಕಳೆದುಕೊಂಡದ್ದು ಏನು ಎಂಬುದನ್ನು ನೋಡೋಣ. ಸೆಕೆಂಡ್ ಹ್ಯಾಂಡ್ ಬೇಸ್, ಏಳು ಸಾವಿರ ರೂಪಾಯಿ. ಬಾಕ್ಸ್ ಹೊತ್ತ ಕೂಲಿಯಲ್ಲಿ ಮನೆಗೆ ಕೊಟ್ಟು ಉಳಿದದ್ದನ್ನು ಒಂದು ವರ್ಷಕ್ಕೂ ಮಿಕ್ಕಿ ಕೂಡಿಟ್ಟ ಹಣ. ಮುರಿದ ಟ್ರಸ್ ರಾಡ್ ತೆಗೆದು ಹೊಸದು ಕೂರಿಸಬೇಕೆಂದರೆ ಫಿಂಗರ್‌ಬೋರ್ಡನ್ನೇ ನೆಕ್ಕಿನಿಂದ ಎಬ್ಬಿಸಬೇಕು. ಆ ಕೆಲಸ ಬಲ್ಲವರು ಮಸ್ಕಿಯಲ್ಲಿಲ್ಲ, ಸಿಂಧನೂರಿನಲ್ಲಿಲ್ಲ, ಲಿಂಗಸುಗೂರಿನಲ್ಲೂ ಇಲ್ಲ. ಬೆಂಗಳೂರಿಗೆ ಒಯ್ದರೆ ಆ ಕೆಲಸದ ಕೂಲಿಯೇ ಗಿಟಾರಿನ ಬೆಲೆಯನ್ನು ಮೀರುತ್ತದೆ. ಅಂದರೆ ಅದು ಸತ್ತ ಹಾಗೇ ಲೆಕ್ಕ. ಐದು ನಿಮಿಷದ ನಗೆಗೆ ಒಂದು ವರ್ಷದ ಕೂಲಿಯ ಉಳಿತಾಯ ಹೋಯಿತು. ನಕ್ಕ ನಾಲ್ವರಲ್ಲಿ ಒಬ್ಬರಾದರೂ ನೂರು ರೂಪಾಯಿ ಕೈಬಿಟ್ಟರೇ?

ಆ ಕಂಬಿ ಯಾತಕ್ಕಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ತಮಾಷೆ ಮಾಡಿದವರಲ್ಲಿ ಎಷ್ಟು ಜನರಿಗೆ ಅದು ಗೊತ್ತಿದೆ ಎಂಬ ಅನುಮಾನ ನನಗಿದೆ. ಬೇಸಿನ ನಾಲ್ಕು ದಪ್ಪ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಎಲ್ಲ ಸೇರಿ ನೆಕ್ಕನ್ನು ಸುಮಾರು 70ರಿಂದ 80 ಕಿಲೋ ಭಾರದಷ್ಟು ಎಳೆಯುತ್ತವೆ. ನಮ್ಮ ಸಿಂಧನೂರು ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ: ಒಂದು ಚೀಲ ಭತ್ತ. ಹೆಬ್ಬೆರಳಿಗಿಂತ ತುಸು ದಪ್ಪದ ಒಂದು ಮರದ ಪಟ್ಟಿ ಹಗಲೂ ರಾತ್ರಿ ಒಂದು ಚೀಲ ಭತ್ತದ ಎಳೆತವನ್ನು ತಡೆದು ನಿಂತಿರುತ್ತದೆ. ಅದೊಂದರಿಂದಲೇ ಆಗದು ಎಂದು ಒಳಗೊಂದು ಕಂಬಿ. 1920ರ ದಶಕದಲ್ಲಿ ಗಿಬ್ಸನ್ ಕಂಪನಿಯವರು ಗಿಟಾರಿನ ನೆಕ್ಕಿನಲ್ಲಿ ಹೊಂದಿಸಬಲ್ಲ ಈ ಕಂಬಿ ಬಳಕೆಗೆ ತಂದರು. ಬಲಕ್ಕೆ ತಿರುಗಿಸಿದರೆ ಬಿಗಿಯಾಗಿ ನೆಕ್ಕು ಹಿಂದಕ್ಕೆ ನೆಟ್ಟಗಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲಾಗಿ ತಂತಿಗಳ ಎಳೆತಕ್ಕೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಆ ಹುಡುಗನ ತಂತಿಗಳು ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಗರಗರ ಅನ್ನುತ್ತಿದ್ದವು. ಅಂದರೆ ನೆಕ್ಕು ಬೇಕಾದುದಕ್ಕಿಂತ ಹೆಚ್ಚು ನೆಟ್ಟಗಾಗಿತ್ತು. ಅವನು ಎಡಕ್ಕೆ ತಿರುಗಿಸಬೇಕಿತ್ತು, ಅದೂ ಕಾಲು ಸುತ್ತು ಮಾತ್ರ. ಆಮೇಲೆ ಮರಕ್ಕೆ ಹೊಂದಿಕೊಳ್ಳಲು ಸಮಯ ಕೊಟ್ಟು, ಮತ್ತೆ ಶ್ರುತಿ ಮಾಡಿ ನೋಡಬೇಕಿತ್ತು. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಸುಳ್ಳು ಹೇಳಲು ಹಿಡಿದಷ್ಟೇ ಹೊತ್ತು.

ಈಗ ಅವರ ದೊಡ್ಡ ಸಮರ್ಥನೆಗೆ ಬರುತ್ತೇನೆ: "ಬುದ್ಧಿ ಇದ್ದಾಂವ ತಮಾಷಿ ಯಾವುದು, ಖರೇ ಯಾವುದು ಅಂತ ತಿಳಕೋತಾನ." ಹೇಗೆ ತಿಳಿದುಕೊಳ್ಳುತ್ತಾನೆ? ಇದಕ್ಕೆ ಒಬ್ಬರೂ ನನಗೆ ಉತ್ತರ ಕೊಟ್ಟಿಲ್ಲ. ವಾದ್ಯಗಳ ಲೋಕದಲ್ಲಿ ನಿಜವಾದ ಸಲಹೆಗಳೇ ಸುಳ್ಳಿಗಿಂತ ವಿಚಿತ್ರವಾಗಿ ಕೇಳಿಸುತ್ತವೆ.

ಹಳೆಯ ಬೇಸ್ ತಂತಿಗಳನ್ನು ಪಾತ್ರೆಯಲ್ಲಿ ಹಾಕಿ ನೀರಲ್ಲಿ ಕುದಿಸು ಎಂದು ಯಾರಾದರೂ ಹೇಳಿದರೆ ನೀವು ನಂಬುತ್ತೀರಾ? ಅದು ನಿಜ. ಸುತ್ತುತಂತಿಯ ಸಂದಿಯಲ್ಲಿ ಕೂತ ಬೆವರು, ಜಿಡ್ಡು ಬಿಟ್ಟುಹೋಗಿ ಕೆಲವು ದಿನ ನಾದ ಮತ್ತೆ ಚುರುಕಾಗುತ್ತದೆ. ದುಡ್ಡಿಲ್ಲದ ಎಷ್ಟೋ ಬೇಸ್ ವಾದಕರು ಜಗತ್ತಿನಾದ್ಯಂತ ಇದನ್ನು ಮಾಡಿದ್ದಾರೆ. ಬ್ರಿಡ್ಜಿನ ಹತ್ತಿರ ತಂತಿಗೆ ಸ್ಪಂಜು ಒತ್ತಿಡು ಎಂದರೆ? ಅದೂ ನಿಜ. ಅಮೆರಿಕದ ಸ್ಟುಡಿಯೋಗಳಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದ ಕ್ಯಾರೊಲ್ ಕೇ ಎಂಬ ಹೆಣ್ಣುಮಗಳು ತಂತಿಗಳನ್ನು ಹೀಗೆ ಅದುಮಿಟ್ಟೇ ಆ ಗುಂಡು ನಾದ ತೆಗೆದದ್ದು, ಅದೂ ಬೆರಳಿನಿಂದಲ್ಲ, ಪಿಕ್ ಹಿಡಿದು. ತಂತಿ ಎಂದೂ ಬದಲಿಸಬೇಡ, ಒಂದೇ ಬೆರಳಲ್ಲಿ ಮೀಟು ಎಂದರೆ? ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ ಹಾಗೇ ಮಾಡುತ್ತಿದ್ದ. ತಂತಿ ಬದಲಿಸುವುದೆಂದರೆ ಅವನಿಗೆ ಆಗಿಬರುತ್ತಿರಲಿಲ್ಲ, ಮೀಟುತ್ತಿದ್ದದ್ದು ತೋರುಬೆರಳಲ್ಲೇ. ನಿಲುವಿನ ದೊಡ್ಡ ಬೇಸ್ ನುಡಿಸಿ ಬಂದ ಕೈ ಅದು. ದೋಣಿಗೆ ಬಳಿಯುವ ಎಪಾಕ್ಸಿಯನ್ನು ಫಿಂಗರ್‌ಬೋರ್ಡಿಗೆ ಬಳಿ ಎಂದರೆ? ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ನ ಫ್ರೆಟ್ಟಿಲ್ಲದ ಬೇಸಿಗೆ ಬಳಿದದ್ದು ಅದೇ.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮೂರಲ್ಲೇ ನೋಡಿ. ಹಲಗೆಯ ಚರ್ಮವನ್ನು ಉರಿಯ ಹತ್ತಿರ ಹಿಡಿದು ಕಾಯಿಸು, ಆಗ ಗಟ್ಟಿ ನುಡಿಯುತ್ತದೆ ಎಂದು ಹೊರಗಿನವನಿಗೆ ಹೇಳಿದರೆ ಅವನು ಏನೆಂದುಕೊಂಡಾನು? ಚರ್ಮದ ವಾದ್ಯವನ್ನು ಬೆಂಕಿಗೆ ಹಿಡಿಯಲು ಹೇಳುತ್ತಿದ್ದಾರೆ, ಸುಡಿಸಲು ನೋಡುತ್ತಿದ್ದಾರೆ ಎಂದುಕೊಂಡಾನು. ಆದರೆ ಹಬ್ಬದ ದಿನ ಓಣಿಯ ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುವುದನ್ನು ನಾವೆಲ್ಲ ಸಣ್ಣವರಿದ್ದಾಗಿನಿಂದ ನೋಡಿದ್ದೇವೆ. ಮೃದಂಗದ ಎಡಗಡೆಗೆ ಕಲಸಿದ ರವೆ ಮೆತ್ತುತ್ತಾರೆ, ಆ ತುಂಬು ಮಂದ್ರನಾದ ಬರುವುದು ಅದರಿಂದಲೇ. ತಂಬೂರಿಯ ತಂತಿಯ ಕೆಳಗೆ ಹತ್ತಿಯ ಒಂದೆಳೆ ದಾರ ತೂರಿಸುತ್ತಾರೆ, ದಾರ ಒಂದು ಕೂದಲೆಳೆ ಅತ್ತಿತ್ತ ಸರಿದರೂ ನಾದದ ಜೀವ ಹೋಗುತ್ತದೆ, ಸರಿಯಾದ ಜಾಗಕ್ಕೆ ಬಂದರೆ ಇಡೀ ಕೋಣೆ ತುಂಬುತ್ತದೆ. ಅಡುಗೆಮನೆಯ ರವೆ, ಹೊಲಿಗೆಯ ದಾರ, ಹುಲ್ಲಿನ ಬೆಂಕಿ! ಇವೆಲ್ಲ ನಿಜವಾಗಿರುವ ಲೋಕಕ್ಕೆ ಹೊಸದಾಗಿ ಕಾಲಿಟ್ಟ ಹುಡುಗ, ಕೀ ತಿರುಗಿಸು, ಟಕ್ ಅನ್ನುತ್ತದೆ ಎಂಬ ಮಾತನ್ನು ಮಾತ್ರ ಯಾವ ಬುದ್ಧಿಯಿಂದ ಅನುಮಾನಿಸಬೇಕಿತ್ತು?

ತಂತಿಗೆ ಅಡುಗೆ ಎಣ್ಣೆ ಸವರು, ಕೈ ಜಾರುತ್ತದೆ ಎಂದು ಇನ್ನೊಬ್ಬನಿಗೆ ಹೇಳಿದ್ದನ್ನು ಕೇಳಿದ್ದೇನೆ. ಅವನು ಶೇಂಗಾ ಎಣ್ಣೆ ಸವರಿದ. ರೋಸ್‌ವುಡ್ ಫಿಂಗರ್‌ಬೋರ್ಡಿಗೆ ಅದಕ್ಕೆಂದೇ ಬರುವ ನಿಂಬೆ ಎಣ್ಣೆಯನ್ನು ಅಪರೂಪಕ್ಕೆ ಒಂದೆರಡು ಹನಿ ಒರೆಸುವ ಪದ್ಧತಿ ಇದ್ದೇ ಇದೆ. ಅದನ್ನೂ ಅವನು ಎಲ್ಲೋ ಕೇಳಿದ್ದ, ಹಾಗಾಗಿ ನಂಬಿದ. ಶೇಂಗಾ ಎಣ್ಣೆ ವಾರದಲ್ಲಿ ಅಂಟಾಯಿತು, ನಮ್ಮ ಎರೆಮಣ್ಣಿನ ಧೂಳು ಅದರ ಮೇಲೆ ಕೂತಿತು, ನಾಲ್ಕೂ ತಂತಿ ಸತ್ತವು. ಹೊಸ ಸೆಟ್ ತಂತಿಗೆ ರಾಯಚೂರಿಗೋ ಹುಬ್ಬಳ್ಳಿಗೋ ಹೋಗಬೇಕು, ಇಲ್ಲವೇ ತರಿಸಿಕೊಂಡು ಕಾಯಬೇಕು. ಬೇಸ್ ತಂತಿ ಮಾಮೂಲಿ ಗಿಟಾರ್ ತಂತಿಯ ಹಾಗೆ ಅಗ್ಗಕ್ಕೆ ಬರುವುದಲ್ಲ.

ದೊಡ್ಡ ಊರಿನ ಚೇಷ್ಟೆಗೂ ಮಸ್ಕಿಯ ಚೇಷ್ಟೆಗೂ ಇರುವ ವ್ಯತ್ಯಾಸ ಇದು. ಬೆಂಗಳೂರಿನಲ್ಲಿ ಒಬ್ಬ ಸುಳ್ಳು ಹೇಳಿದರೆ ಸಂಜೆಯ ಹೊತ್ತಿಗೆ ಇನ್ನೊಬ್ಬ ಸರಿ ಹೇಳುತ್ತಾನೆ. ಅಲ್ಲಿ ವಾದ್ಯದಂಗಡಿಗಳಿವೆ, ರಿಪೇರಿಯವರಿದ್ದಾರೆ, ಕಲಿಸುವ ಶಾಲೆಗಳಿವೆ. ಇಲ್ಲಿ ಹೇಳುವವನು ಒಬ್ಬನೇ. ಅವನು ಹೇಳಿದ್ದೇ ವಿದ್ಯೆ. ತಮಾಷೆಗೆ ಹೇಳಿದ್ದು ಇವನ ತಲೆಯಲ್ಲಿ ವಿದ್ಯೆಯಾಗಿ ಕೂತು, ನಾಳೆ ಇವನು ಇನ್ನೊಬ್ಬನಿಗೆ ಅದನ್ನೇ ಪ್ರಾಮಾಣಿಕವಾಗಿ ಕಲಿಸುತ್ತಾನೆ. ಗರಗರ ಅಂದರೆ ಬಲಕ್ಕೆ ತಿರುಗಿಸಬೇಕು ಎಂದು ನಮ್ಮ ಭಾಗದಲ್ಲಿ ನಿಜವಾಗಿಯೂ ನಂಬಿರುವ ಇಬ್ಬರನ್ನು ನಾನೇ ಕಂಡಿದ್ದೇನೆ. ಅವರಿಗೆ ಹೇಳಿದವರು ನಕ್ಕಿದ್ದರೋ ಇಲ್ಲವೋ ಅವರಿಗೀಗ ನೆನಪಿಲ್ಲ.

ಫೋನಿನಲ್ಲಿ ನೋಡಿ ಕಲಿಯಬಹುದಲ್ಲ ಎನ್ನುವವರಿದ್ದಾರೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಆ ನಾದ ಹೊರಡಿಸುವ ಶಕ್ತಿಯೇ ಇಲ್ಲ. ಅದು ಮೇಲಿನ ಅನುಸ್ವರಗಳನ್ನಷ್ಟೇ ಕೇಳಿಸುತ್ತದೆ, ಉಳಿದದ್ದನ್ನು ನಮ್ಮ ಕಿವಿ ಊಹಿಸಿಕೊಳ್ಳುತ್ತದೆ. ಅಂದರೆ ಫೋನಿನಿಂದ ಬೇಸ್ ಕಲಿಯುವ ಹುಡುಗ ತಾನು ಕಲಿಯುತ್ತಿರುವ ವಾದ್ಯದ ಮೂಲಸ್ವರವನ್ನು ಕೇಳೇ ಇಲ್ಲ. ಮೇಲಾಗಿ ಅಲ್ಲಿ ಹೇಳುವುದೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ. ರಿಲೀಫ್, ಆಕ್ಷನ್, ಇಂಟೊನೇಷನ್ ಎಂಬ ಮಾತುಗಳನ್ನು ಬಿಡಿಸಿ ಹೇಳುವವರು ಬೇಕಲ್ಲ? ಹತ್ತನೇ ತರಗತಿಗೆ ಶಾಲೆ ಬಿಟ್ಟವನು ಯಾರನ್ನು ಕೇಳಬೇಕು? ವೇದಿಕೆಯ ಮೇಲೆ ಬೇಸ್ ಹಿಡಿದು ನಿಂತವರನ್ನೇ ಕೇಳಬೇಕು, ಬೇರೆ ದಾರಿಯಿಲ್ಲ.

"ಬೇಸ್ ಏನು ಮಹಾ, ನಾಕು ತಂತಿ, ಯಾರಿಗಿ ಕೇಳಸ್ತೈತಿ?" ಎಂಬುದು ಇನ್ನೊಂದು ಮಾತು. ಈ ಮಾತೂ ಆ ಚೇಷ್ಟೆಗೆ ಒಂದು ಬೇರು ಎಂದು ನನಗೆ ಅನಿಸುತ್ತದೆ. ಲೀಡ್ ಗಿಟಾರಿನವನಿಗೆ ಸುಳ್ಳು ಹೇಳಲು ಹಿಂಜರಿಯುವವರು ಬೇಸಿನವನಿಗೆ ಹೇಳಿ ನಗುತ್ತಾರೆ, ಯಾಕೆಂದರೆ ಅವನ ವಾದ್ಯ ಕೆಟ್ಟರೂ ಕಾರ್ಯಕ್ರಮ ನಡೆಯುತ್ತದೆ ಎಂಬ ಭಾವನೆ. ಕೀಬೋರ್ಡಿನ ಎಡಗೈಯಲ್ಲೇ ಬೇಸ್ ಒತ್ತಿದರಾಯಿತು ಎಂದು ನಮ್ಮ ಎಷ್ಟೋ ತಂಡಗಳು ಬೇಸ್ ವಾದಕನನ್ನೇ ಕೈಬಿಟ್ಟವು. ಕೇಳಿಸುವುದಿಲ್ಲವೇ? 1981ರ ಶಂಕರ್‌ನಾಗ್ ಅವರ 'ಗೀತಾ' ಚಿತ್ರದ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಒಮ್ಮೆ ಹಾಕಿ ಕೂತುಕೊಳ್ಳಿ. ಇಳಯರಾಜ ಅವರು ಬೇಸಿಗೆ ಬರೆದದ್ದು ಬರೀ ತಾಳಕ್ಕೆ ಆಸರೆಯಲ್ಲ, ಹಾಡಿನ ಕೆಳಗೆ ಹರಿಯುವ ಇನ್ನೊಂದು ಹಾಡು. ಅದನ್ನು ತೆಗೆದುಬಿಟ್ಟರೆ ಆ ಹಾಡು ನಿಮಗೆ ಬೇಕಾದ ಹಾಡಾಗಿ ಉಳಿಯುತ್ತದೆಯೇ? ನಲವತ್ತು ವರ್ಷ ಕಳೆದರೂ ರಸಮಂಜರಿಗಳಲ್ಲಿ ಆ ಹಾಡುಗಳನ್ನು ಕೇಳಿದಾಗ ಹಿಂದಿನ ಸಾಲಿನವರೂ ಎದ್ದು ಕುಣಿಯುತ್ತಾರಲ್ಲ, ಅವರ ಎದೆಗೆ ಮೊದಲು ತಾಗಿದ್ದು ಯಾವುದು? 1951ರಲ್ಲಿ ಲಿಯೋ ಫೆಂಡರ್ ಫ್ರೆಟ್ಟುಗಳಿರುವ ಬೇಸ್ ತಂದಾಗ ಅದಕ್ಕೆ ಪ್ರಿಸಿಷನ್ ಎಂದು ಹೆಸರಿಟ್ಟ, ನಿಖರತೆ ಎಂದು. ಹೊಂದಿಕೆ ತಪ್ಪಿದ ಬೇಸ್ ಇಡೀ ತಂಡವನ್ನು ಅಪಶ್ರುತಿಗೆ ಎಳೆಯುತ್ತದೆ. ಕೇಳುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಯಾವುದೆಂದು ತಿಳಿಯುವುದಿಲ್ಲ, ಬೈಗುಳ ಗಾಯಕನಿಗೆ ಬೀಳುತ್ತದೆ.

ಇಷ್ಟೂ ವಾದ್ಯದ ಮಾತಾಯಿತು. ಮೈಗೆ ಆಗುವ ಕೇಡು ಇನ್ನೂ ದೊಡ್ಡದು. "ಪಟ್ಟಿ ಮೊಣಕಾಲತನಕ ಇಳಿಬಿಡು, ಹೀರೋನಂಗ ಕಾಣ್ತಿ." "ಬೆರಳಿಂದ ರಕ್ತ ಬಂದ್ರ ಕಲ್ತಿ ಅಂತ." "ಕೈ ಎಷ್ಟು ನೋಯ್ತೈತೋ ಅಷ್ಟು ಶಕ್ತಿ ಬರ್ತೈತಿ." ಇವೂ ನಗುನಗುತ್ತ ಹೇಳುವ ಮಾತುಗಳೇ. ಬೇಸಿನ ತಂತಿಯ ಉದ್ದ, ನಟ್‌ನಿಂದ ಬ್ರಿಡ್ಜಿನವರೆಗೆ, ಸಾಮಾನ್ಯವಾಗಿ 34 ಇಂಚು. ಮೊದಲ ಫ್ರೆಟ್ಟುಗಳ ನಡುವೆ ಬೆರಳು ಬಹಳ ಅಗಲಿಸಬೇಕು. ಪಟ್ಟಿ ಇಳಿಬಿಟ್ಟಷ್ಟೂ ಎಡಗೈ ಮಣಿಕಟ್ಟು ಚೂಪಾಗಿ ಮಡಚಿಕೊಳ್ಳುತ್ತದೆ, ಬೆರಳುಗಳಿಗೆ ಹೋಗುವ ಸ್ನಾಯುರಜ್ಜುಗಳೆಲ್ಲ ಆ ಮಡಿಕೆಯಲ್ಲೇ ಉಜ್ಜುತ್ತವೆ. ಊತ, ಜೋಮು, ರಾತ್ರಿ ಎಚ್ಚರ ಮಾಡುವ ನೋವು. ಹಗಲು ಬಾಕ್ಸ್ ಹೊರುವವನ ಕೈ ಅದು. ಅದೇ ಕೈ ಅವನ ಊಟ. ದೊಡ್ಡ ಬೇಸಿನವರು ತಲೆಮಾರುಗಳಿಂದ ಕಲಿಸುತ್ತ ಬಂದ ಒಂದು ಪದ್ಧತಿಯಿದೆ: ಕೆಳಗಿನ ಸ್ಥಾನಗಳಲ್ಲಿ ತೋರು, ನಡು, ಕಿರುಬೆರಳುಗಳಷ್ಟೇ ಸ್ವರಕ್ಕೆ, ಉಂಗುರಬೆರಳು ಕಿರುಬೆರಳಿಗೆ ಆಸರೆ. ಸಣ್ಣ ಕೈಯವರಿಗೆ ಇದು ವರ. ನೋವಾದರೆ ನಿಲ್ಲಿಸು, ಕೈ ಬಿಡಿಸಿ ವಿಶ್ರಾಂತಿ ಕೊಡು, ಎಲ್ಲಿ ತಪ್ಪಿತು ನೋಡು ಎಂದು ಹೇಳಬೇಕಾದವರು ರಕ್ತದ ಮಾತಾಡುತ್ತಾರೆ.

ಹಟ್ಟಿಯ ಚಿನ್ನದ ಗಣಿಗೆ ಮೊದಲ ದಿನ ಇಳಿಯುವ ಹುಡುಗನಿಗೆ ಯಾರಾದರೂ ತಮಾಷೆಗೆ ತಪ್ಪು ದಾರಿ ತೋರಿಸುತ್ತಾರೆಯೇ? ಭತ್ತಕ್ಕೆ ಔಷಧಿ ಹೊಡೆಯಲು ಬಂದ ಹೊಸ ಆಳಿಗೆ, ಟ್ಯಾಂಕಿಗೆ ಎಷ್ಟು ಎಂಎಲ್ ಎಂದು ಕೇಳಿದಾಗ ಹತ್ತು ಪಟ್ಟು ಹೇಳಿ ನಗುವ ರೈತನನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ಅಲ್ಲೆಲ್ಲ ಕಲಿಸುವವನ ಮಾತಿಗೆ ಬೆಲೆಯಿದೆ ಎಂದು ಒಪ್ಪುವ ನಾವು ಸಂಗೀತಕ್ಕೆ ಬಂದ ಕೂಡಲೇ ಅದನ್ನು ಯಾಕೆ ಮರೆಯುತ್ತೇವೆ?

ಇದು ಗುರುಮನೆಯ ಪರೀಕ್ಷೆ ಇದ್ದ ಹಾಗೆ, ಹಿಂದೆಯೂ ಶಿಷ್ಯರನ್ನು ಹೀಗೆ ಸತಾಯಿಸುತ್ತಿದ್ದರು ಎನ್ನುವವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸುತ್ತೇನೆ. ಪಂಚಾಕ್ಷರ ಗವಾಯಿಗಳು, ಅವರ ಬಳಿಕ 2010ರವರೆಗೂ ಪುಟ್ಟರಾಜ ಗವಾಯಿಗಳು ಅಲ್ಲಿ ಕಣ್ಣು ಕಾಣದ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸಿದರು. ಇಬ್ಬರೂ ಸ್ವತಃ ಕಾಣದವರು. ಕಾಣದ ಮಗುವಿಗೆ ಗುರು ಹೇಳಿದ್ದೇ ಕಣ್ಣು. ಬೆರಳು ಇಲ್ಲಿಡು ಎಂದರೆ ಅದು ಅಲ್ಲೇ ಇಡುತ್ತದೆ. ಅಲ್ಲಿ ಒಂದು ತಮಾಷೆಯ ಸುಳ್ಳಿಗೆ ಜಾಗವಿತ್ತೇ? ಹಾಡುವವರಾಗಿ, ವಾದ್ಯ ನುಡಿಸುವವರಾಗಿ ಉತ್ತರ ಕರ್ನಾಟಕದ ಊರೂರಿಗೆ ಅಲ್ಲಿ ಕಲಿತವರು ಬಂದರು. ರಾಯಚೂರಿನಲ್ಲಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರದಲ್ಲಿ ಕೂತು ನಾವು ಹೆಮ್ಮೆಪಡುವ ಪರಂಪರೆ ಕೈಹಿಡಿದು ಕಲಿಸಿದವರದು, ದಾರಿ ತಪ್ಪಿಸಿದವರದಲ್ಲ. ನಮ್ಮ ಓಣಿಗಳ ಭಜನೆ ಮೇಳಗಳನ್ನೇ ನೋಡಿ. ತತ್ವಪದ ಹಾಡುವಲ್ಲಿಗೆ ಸಣ್ಣ ಹುಡುಗ ಬಂದರೆ ಮೊದಲು ಕೈಗೆ ತಾಳ ಕೊಡುತ್ತಾರೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ತಪ್ಪಿದರೆ ಹಿರಿಯರು ಹಾಡುತ್ತಲೇ ಅವನ ಮಣಿಕಟ್ಟು ಹಿಡಿದು ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿಗೆ ತರುತ್ತಾರೆ. ಬೈಯುತ್ತಾರೆ, ಗದರುತ್ತಾರೆ, ಕೆಲವೊಮ್ಮೆ ನಗುತ್ತಾರೆ ಕೂಡ. ಸುಳ್ಳು ಹೇಳುವುದಿಲ್ಲ. ಓದು ಬರಹ ಬಾರದವರೂ ಪಾಲಿಸಿಕೊಂಡು ಬಂದ ಈ ಮರ್ಯಾದೆಯನ್ನು ವೇದಿಕೆ, ಲೈಟು, ಸಂಭಾವನೆ ಎಲ್ಲ ಇರುವ ನಮ್ಮ ತಂಡಗಳು ಯಾಕೆ ಕಳೆದುಕೊಂಡವು?

ನನಗೆ ಕಾಣುವ ಕಾರಣಗಳು ಎರಡು, ಅವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರಿಗೆ ಉತ್ತರ ಗೊತ್ತಿಲ್ಲ. ಹುಡುಗ ಬಂದು ಇಂಟೊನೇಷನ್ ಎಂದರೇನು ಎಂದು ಕೇಳಿದಾಗ, ಇಪ್ಪತ್ತು ವರ್ಷ ಬೇಸ್ ಹಿಡಿದವನು ನನಗೂ ಗೊತ್ತಿಲ್ಲ ತಮ್ಮಾ ಎನ್ನಲಾರ. ಅದರ ಬದಲು ಒಂದು ಚೇಷ್ಟೆ ಮಾಡಿದರೆ ನಾಚಿಕೆ ಕೇಳಿದವನ ಪಾಲಿಗೆ ಹೋಗುತ್ತದೆ. ಇನ್ನು ಗೊತ್ತಿರುವವರು ಗಂಟು ಕಟ್ಟಿ ಇಟ್ಟುಕೊಂಡಿದ್ದಾರೆ, ಇವನು ಕಲಿತರೆ ಮುಂದಿನ ಜಾತ್ರೆಗೆ ಇವನನ್ನೇ ಕರೆದಾರು ಎಂಬ ಭಯ. ಅಜ್ಞಾನ ಮತ್ತು ಭಯ, ಎರಡೂ ನಗೆಯ ಮುಖವಾಡ ಹಾಕಿಕೊಂಡು ಕೂತಿವೆ. ಹಿಂದೊಮ್ಮೆ ಅಂಥದೇ ಒಂದು ಗುಂಪಿನಲ್ಲಿ ಕೂತು, ಒಬ್ಬ ಹುಡುಗನಿಗೆ ತಪ್ಪು ಹೇಳಿದಾಗ ನಾನೂ ನಕ್ಕವನು. ಆ ಹುಡುಗ ಮತ್ತೆ ಬರಲಿಲ್ಲ. ಅವನು ಈಗ ಬೇಸ್ ನುಡಿಸುತ್ತಾನೋ ಬಿಟ್ಟನೋ ನನಗೆ ಗೊತ್ತಿಲ್ಲ, ಆ ಸಂಕಟ ನನ್ನಲ್ಲಿ ಉಳಿದಿದೆ.

ನಮ್ಮ ಊರಿನ ಗುಡ್ಡದಲ್ಲಿ ಒಂದು ಬಂಡೆಯಿದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಅಶೋಕನ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದೆ ಇರುವವನು ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಈ ಕಲ್ಲಿನಿಂದ. ಮಸ್ಕಿಯವರೆಲ್ಲ ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಸರಿನಾಚೆ ಕಲ್ಲು ಏನು ಹೇಳುತ್ತದೆ ಎಂದು ಎಷ್ಟು ಜನ ಓದಿದ್ದೇವೆ? ಧರ್ಮದ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ನಿಷ್ಠೆಯಿದ್ದರೆ ಸಣ್ಣವನೂ ಮುಟ್ಟಬಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ತಿರುಳು. ಸಣ್ಣವರಿಗೂ ತಿಳಿಸಬೇಕು! ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಎಲ್ಲರೂ ನೋಡಲಿ ಎಂದು ಕಲ್ಲಿನಲ್ಲಿ ಕೊರೆಸಿಟ್ಟ ಮಾತಿನ ನೆರಳಲ್ಲಿ ಹುಟ್ಟಿದ ನಾವು, ನಾಲ್ಕು ತಂತಿಯ ಒಂದು ವಾದ್ಯದ ವಿಷಯವನ್ನು ಬಾಕ್ಸ್ ಹೊರುವ ಹುಡುಗನಿಗೆ ನೆಟ್ಟಗೆ ತಿಳಿಸಲಾರದವರಾದೆವೇ?

ಹಾಗಾಗಿ ಕೇಳುವ ಹುಡುಗರಿಗೆ ಉತ್ತರವನ್ನು ಇಲ್ಲೇ ಬರೆಯುತ್ತೇನೆ. ನೆಕ್ಕು ನೋಡಬೇಕೆಂದರೆ ತಂತಿಗಳನ್ನು ಶ್ರುತಿಗೆ ಏರಿಸಿ, ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ಕು ಒಡಲಿಗೆ ಸೇರುವ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ. ನಡುವೆ ತಂತಿಗೂ ಫ್ರೆಟ್ಟಿಗೂ ದಪ್ಪ ಕಾಗದ ತೂರುವಷ್ಟು, ಸುಮಾರು 0.3 ಮಿಲಿಮೀಟರ್ ಸಂದು ಇರಲಿ. ಸಂದೇ ಇಲ್ಲದಿದ್ದರೆ ಕೀ ಎಡಕ್ಕೆ ಕಾಲು ಸುತ್ತು, ಸಂದು ಬಹಳ ಇದ್ದರೆ ಬಲಕ್ಕೆ ಕಾಲು ಸುತ್ತು. ಕೀ ತಿರುಗಲು ಹಟ ಹಿಡಿದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಆಮೇಲೆ ಬ್ರಿಡ್ಜಿನ ಸ್ಯಾಡಲ್ ಏರಿಸಿ ಇಳಿಸಿ, ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರ ಇರುವಂತೆ ನೋಡಿಕೊಳ್ಳಿ. ಕೊನೆಗೆ ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿದ ಸ್ವರ ಮತ್ತು ಒತ್ತಿ ಮೀಟಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ನೆಕ್ಕಿನ ಕಡೆಗೆ ಸರಿಸಿ. ಇಂಟೊನೇಷನ್ ಎಂದರೆ ಇಷ್ಟೇ. ಇದಕ್ಕೆ ಒಂದು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಶಾಲೆಯ ಒಂದು ಸ್ಕೇಲು, ಅರ್ಧ ತಾಸು ಸಾಕು.

ರಸಮಂಜರಿ ತಂಡಗಳ ಹಿರಿಯರೇ, ಈ ಅರ್ಧ ತಾಸನ್ನು ನಾನು ನಿಮ್ಮಿಂದ ಕೇಳುತ್ತಿದ್ದೇನೆ. ಅಂಬಾಮಠದ ಜಾತ್ರೆಗೆ, ಮಸ್ಕಿಯ ಮಲ್ಲಿಕಾರ್ಜುನನ ಜಾತ್ರೆಗೆ ನೀವು ಬರುತ್ತೀರಿ. ಸೌಂಡ್ ಚೆಕ್ಕಿಗಿಂತ ಅರ್ಧ ತಾಸು ಮೊದಲು ಬನ್ನಿ. ವೇದಿಕೆಯ ಹಿಂದೆ ಬಾಕ್ಸ್ ಇಳಿಸುತ್ತಿರುವ ಹುಡುಗರನ್ನು ಕರೆಯಿರಿ, ನಿಮ್ಮ ಬೇಸನ್ನು ಅವರ ತೊಡೆಯ ಮೇಲಿಡಿ, ಮುಚ್ಚಳ ಬಿಚ್ಚಿ ಒಳಗಿನ ಕಂಬಿಯನ್ನು ತೋರಿಸಿ. ಗೊತ್ತಿದ್ದದ್ದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವವರ ಫೋನ್ ನಂಬರ್ ಕೊಡಿ. ನಿಮ್ಮ ತಂಡದಲ್ಲಿ ಯಾರಾದರೂ ಟಕ್ ಅನ್ನುವ ತನಕ ಎಂದು ಬಾಯಿ ತೆಗೆದರೆ ಅಲ್ಲೇ, ಆ ಹುಡುಗನ ಎದುರಿಗೇ, ತಡೆಯಿರಿ. ಟಕ್ ಅಂದ ಆ ಬೇಸ್ ಇನ್ನೂ ನಮ್ಮ ಮನೆಯ ಗೋಡೆಗೆ ಒರಗಿಕೊಂಡಿದೆ. ಹುಡುಗ ಪ್ರತಿ ಭಾನುವಾರ ಬಂದು, ತಂತಿ ಸಡಿಲಿಸಿಟ್ಟ ಆ ನೆಕ್ಕಿನ ಮೇಲೆ ಬೆರಳಿನ ಪಾಠ ಮಾಡಿ ಹೋಗುತ್ತಾನೆ. ಹೊಸ ನೆಕ್ಕಿಗೆ ನಾವು ಹಣ ಕೂಡಿಸುತ್ತಿದ್ದೇವೆ. ಅಂದು ನಕ್ಕ ನಾಲ್ವರ ಪಾಲನ್ನೂ ನಾನು ಹೋಗಿ ಕೇಳಿ ಬಂದಿದ್ದೇನೆ, ಇನ್ನೊಮ್ಮೆ ಹೋಗುತ್ತೇನೆ.